ರವಿಕೆಯ ಒಳಜೇಬು: ಗ್ರಾನುಲೊಮ್ಯಾಟಸ್ ಮ್ಯಾಸ್ಟೈಟಿಸ್‌ನ ಒಂದು ಪ್ರಕರಣ

ನಾನು ಮೈಸೂರಿನ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಹದಿನಾರು ವರ್ಷದಿಂದ ಊರವರ ರಕ್ತ, ಕಫ, ಕೀವು ಇವುಗಳ ಜೊತೆಗೇ ನನ್ನ ಕೆಲಸ. ಟ್ಯೂಬಿನ ಮೇಲೆ ಒಂದು ಹೆಸರು, ವಯಸ್ಸು, ನಂಬರ್ ಇರುತ್ತದೆ, ಅಷ್ಟೇ. ಆ ಟ್ಯೂಬ್ ನಮ್ಮ ಹತ್ತಿರ ಬರುವ ಮುಂಚೆ, ಬಂದು ಹೋದ ಮೇಲೆ ಏನೇನು ನಡೆಯುತ್ತದೆ ಅಂತ ಸರಿಯಾಗಿ ಗೊತ್ತಾಗಿದ್ದು ನಮ್ಮ ಚಿಕ್ಕಮ್ಮನ ಮಗಳಿಗೆ ಈ ಕಾಯಿಲೆ, ಅಂದರೆ ಮೊಲೆಯಲ್ಲಿ ಉರಿಯೂತವಾಗಿ ಗಂಟು ಕಟ್ಟುವ ಕಾಯಿಲೆ, ಬಂದಾಗ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದಳು. "ಆ ಜೇಬಿನ ವಿಷ್ಯ ಮಾತ್ರ ಬರಿಯಕ್ಕ, ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ" ಅಂತಲೂ ಹೇಳಿದಳು. ಜೇಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಂಗಿಗೆ ಆಗ 31 ವರ್ಷ. ಪಾಂಡವಪುರದ ಕಡೆ ಹಳ್ಳಿ. ಗಂಡ ಕಬ್ಬು ಹಾಕುತ್ತಾನೆ, ಎರಡು ಹಸು ಇವೆ, ಡೈರಿಗೆ ಹಾಲು ಹಾಕುತ್ತಾರೆ. ಅವಳು ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಇಬ್ಬರು ಮಕ್ಕಳು. ಚಿಕ್ಕವನಿಗೆ ಎರಡೂವರೆ ವರ್ಷ, ಎದೆಹಾಲು ಬಿಡಿಸಿ ಎಂಟು ತಿಂಗಳಾಗಿತ್ತು. 2024ರ ಸಂಕ್ರಾಂತಿ ಕಳೆದ ವಾರ, ಸ್ನಾನ ಮಾಡುವಾಗ ಬಲ ಮೊಲೆಯ ಹೊರಬದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಕೈಗೆ ಸಿಕ್ಕಿತು. ಮುಟ್ಟಿದರೆ ನೋವು. ಜ್ವರ ಇಲ್ಲ.

ಅವಳ ಅತ್ತೆ ನೋಡಿ, "ಹಾಲು ಕಟ್ಕಂಡದೆ ಕಣವ್ವ" ಅಂದರು. ಹಾಲು ಬಿಡಿಸಿ ಎಂಟು ತಿಂಗಳಾದ ಮೇಲೆ ಎಲ್ಲಿಯ ಹಾಲು? ಆದರೂ ಬಿಸಿನೀರಿನ ಶಾಖ ಆಯ್ತು, ಹರಳೆಣ್ಣೆ ಆಯ್ತು, ಎರಡು ರಾತ್ರಿ ಮಲ್ಲಿಗೆ ಹೂ ಕಟ್ಟಿದ್ದೂ ಆಯ್ತು. ಹಾಲು ಬತ್ತಿಸೋಕೆ ಮಲ್ಲಿಗೆ ಕಟ್ಟುವುದು ನಮ್ಮ ಕಡೆಯ ಹಳೇ ಪದ್ಧತಿ, ಅದನ್ನು ನಾನು ಆಡಿಕೊಳ್ಳುವುದಿಲ್ಲ. ಇಲ್ಲಿ ಬತ್ತಿಸೋಕೆ ಹಾಲೇ ಇರಲಿಲ್ಲ.

ಹತ್ತಿರದ ಪಟ್ಟಣದ ಕ್ಲಿನಿಕ್‌ನಲ್ಲಿ ಐದು ದಿನದ ಆ್ಯಂಟಿಬಯಾಟಿಕ್ ಕೊಟ್ಟರು. ಕಡಿಮೆ ಆಗಲಿಲ್ಲ ಅಂತ ಇನ್ನೊಂದು ಜಾತಿಯದು, ಏಳು ದಿನ. ಅಷ್ಟರಲ್ಲಿ ಮೇಲಿನ ಚರ್ಮ ಕೆಂಪಾಗಿ, ಮೊಲೆತೊಟ್ಟು ಸ್ವಲ್ಪ ಒಳಗೆ ಎಳೆದುಕೊಂಡಿತ್ತು. ಗಂಟಿನ ಒಂದು ಭಾಗ ಮೆತ್ತಗಾಯಿತು. ಕೀವು ಕಟ್ಟಿದೆ ಅಂತ ಅಲ್ಲೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ದರು. ಬಂದ ಕೀವು ಎರಡು ಚಮಚ ಆಗಿರಬಹುದು. ಗಾಯ ಮಾತ್ರ ಮುಚ್ಚಲಿಲ್ಲ. ಮೂರನೇ ವಾರಕ್ಕೆ ಅದರ ಪಕ್ಕದಲ್ಲೇ ಇನ್ನೊಂದು ಬಾಯಿ ತಾನಾಗಿ ತೆರೆದುಕೊಂಡಿತು.

ನನಗೆ ಫೋನ್ ಬಂದಿದ್ದು ಆಗ. ಅಷ್ಟು ದಿನ ಹೇಳದೆ ಇದ್ದಿದ್ದಕ್ಕೆ ಬೈದೆ. "ಜಾಗ ಅಂಥದ್ದು ಕಣಕ್ಕ, ಏನಂತ ಹೇಳಲಿ" ಅಂದಳು. ಲ್ಯಾಬ್‌ನಲ್ಲಿ ಕೆಲಸ ಮಾಡುವ ಅಕ್ಕನಿಗೇ ಹೇಳಲಾಗಲಿಲ್ಲ ಅಂದರೆ, ಊರಲ್ಲಿ ಇಂಥ ಗಂಟು ಇಟ್ಟುಕೊಂಡು ಸುಮ್ನೆ ಇರುವವರು ಎಷ್ಟು ಜನವೋ.

ಕೊಯ್ದಾಗ ತೆಗೆದ ಕೀವನ್ನು ಕಲ್ಚರ್‌ಗೆ, ಅಂದರೆ ಪ್ಲೇಟಿನಲ್ಲಿ ಕ್ರಿಮಿ ಬೆಳೆಯುತ್ತದೆಯೇ ಅಂತ ನೋಡೋಕೆ, ಕಳಿಸಿದ್ದರು. ರಿಪೋರ್ಟ್ ತರಿಸಿ ನೋಡಿದೆ. 48 ಗಂಟೆಯಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ ಅಂತ ಇತ್ತು. ನಮ್ಮ ಲ್ಯಾಬ್‌ನಲ್ಲೂ ಹಾಗೇ ಬರೆಯುತ್ತೇವೆ, ಪ್ಲೇಟನ್ನು ಎರಡನೇ ದಿನ ಎಸೆಯುತ್ತೇವೆ. ಮಾಮೂಲಿ ಸೋಂಕಿಗೆ ಅಷ್ಟು ಸಾಕು. ಆದರೆ ಮೊಲೆಯ ಇಂಥ ಗಂಟುಗಳಲ್ಲಿ ಕೆಲವೊಮ್ಮೆ ಕೊರಿನೆಬ್ಯಾಕ್ಟೀರಿಯಂ ಕ್ರೊಪ್ಪೆನ್‌ಸ್ಟೆಟಿ ಅನ್ನುವ ಒಂದು ಸೋಮಾರಿ ಬ್ಯಾಕ್ಟೀರಿಯಾ ಸಿಗುತ್ತದೆ. ಅದಕ್ಕೆ ಬೆಳೆಯಲು ಕೊಬ್ಬು ಬೇಕು, ದಿನಗಳೂ ಜಾಸ್ತಿ ಬೇಕು. ಪ್ಲೇಟನ್ನು ಎರಡೇ ದಿನಕ್ಕೆ ಎಸೆದರೆ ಅದು ಇತ್ತೋ ಇಲ್ಲವೋ ಹೇಳುವ ಹಾಗಿಲ್ಲ. ಇದು ನನಗೂ ಆವರೆಗೆ ಓದಿ ಮರೆತ ವಿಷಯವಾಗಿತ್ತು.

ಮೈಸೂರಿಗೆ ಕರೆಸಿಕೊಂಡೆ. ಅಲ್ಟ್ರಾಸೌಂಡ್ ಆಯಿತು. ಅಂಕುಡೊಂಕು ಅಂಚಿನ ಕಪ್ಪು ನೆರಳು, ಅದರಿಂದ ಬೇರುಗಳ ಹಾಗೆ ಆಚೀಚೆ ಹರಡಿದ ಕೊಳವೆಗಳು. ಕಂಕುಳಲ್ಲೂ ಎರಡು ಗ್ರಂಥಿ ಊದಿದ್ದವು. ರಿಪೋರ್ಟಿನ ಕೊನೆಗೆ 'ಬೈರಾಡ್ಸ್ 4'. ಅಂದರೆ ಅನುಮಾನ ಇದೆ, ಚೂರು ತೆಗೆದು ನೋಡಲೇಬೇಕು ಅಂತ. ಕ್ಯಾನ್ಸರ್ ಅಂತ ಅರ್ಥ ಅಲ್ಲ. ಆದರೆ ಮನೆಯಲ್ಲಿ ಯಾರೋ ಆ ನಂಬರನ್ನು ಮೊಬೈಲ್‌ನಲ್ಲಿ ಹುಡುಕಿ ನೋಡಿದರು. ಮೊಬೈಲ್‌ನಲ್ಲಿ ಕ್ಯಾನ್ಸರ್‌ನ 'ನಾಲ್ಕನೇ ಸ್ಟೇಜ್' ಸಿಕ್ಕಿತು. ಆ 4 ಬೇರೆ, ಈ 4 ಬೇರೆ. ಅದನ್ನು ತಿಳಿಸಿ ಹೇಳುವಷ್ಟರಲ್ಲಿ ಎರಡು ಮನೆಯವರ ಅಳು ಮುಗಿದಿತ್ತು.

ಮೈಸೂರಿಗೆ ಬರುವ ಮುಂಚೆ ಗಂಟಿಗೆ ಸೂಜಿ ಚುಚ್ಚಿ ಮಾಡುವ ಪರೀಕ್ಷೆ ಮಂಡ್ಯದಲ್ಲೇ ಆಗಿತ್ತು, ಅದರ ರಿಪೋರ್ಟ್ ಆ ವಾರ ಬಂತು: ಗ್ರಾನುಲೋಮಗಳಿವೆ, ಟಿ.ಬಿ. ಇರಬಹುದು. ಕ್ಯಾನ್ಸರ್ ಭಯ ಇಳಿದು ಟಿ.ಬಿ. ಭಯ ಏರಿತು. ಅವಳ ಅತ್ತೆಗೆ ಟಿ.ಬಿ. ಅಂದರೆ ಪಿ.ಕೆ. ಸ್ಯಾನಿಟೋರಿಯಂ. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಕಟ್ಟಿದ, ನೂರು ವರ್ಷ ದಾಟಿದ ಕ್ಷಯರೋಗದ ಆಸ್ಪತ್ರೆ ಅದು. ಅವರ ಮಾವ ಅಲ್ಲಿ ತಿಂಗಳುಗಟ್ಟಲೆ ಇದ್ದರಂತೆ. ಆ ನೆನಪಲ್ಲಿ ಸೊಸೆಯ ತಟ್ಟೆ, ಲೋಟ ಬೇರೆ ಇಟ್ಟರು. ಮೊಲೆಯ ಟಿ.ಬಿ.ಯೇ ಆಗಿದ್ದರೂ ತಟ್ಟೆಯಿಂದ ಹರಡುವುದಿಲ್ಲ. ಶ್ವಾಸಕೋಶದ್ದು ಹರಡುವುದೂ ಕೆಮ್ಮಿನ ಗಾಳಿಯಿಂದ, ತಟ್ಟೆ ಲೋಟದಿಂದ ಅಲ್ಲ. ಆ ತಟ್ಟೆ ವಾಪಸ್ ಅಡುಗೆಮನೆಯ ಸ್ಟ್ಯಾಂಡಿಗೆ ಹೋಗಲು ಎರಡು ತಿಂಗಳು ಹಿಡಿಯಿತು.

ಟಿ.ಬಿ. ಮಾತ್ರೆ ಶುರು ಮಾಡೋಣ ಅಂತ ಒಬ್ಬ ಡಾಕ್ಟರ್ ಹೇಳಿದ್ದರು. ಅವರದ್ದು ತಪ್ಪು ಅನ್ನಲಾರೆ. ನಮ್ಮ ದೇಶದಲ್ಲಿ ಗ್ರಾನುಲೋಮ ಕಂಡರೆ ಮೊದಲು ಟಿ.ಬಿ. ನೆನಪಾಗಲೇಬೇಕು. ಆದರೆ ಗ್ರಾನುಲೋಮ ಅನ್ನುವುದು ಕಾಯಿಲೆಯ ಹೆಸರಲ್ಲ. ಬಿಳಿ ರಕ್ತಕಣಗಳು ಏನನ್ನೋ ಮುತ್ತಿಗೆ ಹಾಕಿ ಗುಂಪಾಗಿ ಕೂತಿವೆ ಅಂತ ಅಷ್ಟೇ. ನಡುವೆ ಟಿ.ಬಿ. ಕ್ರಿಮಿ ಇರಬಹುದು, ಫಂಗಸ್ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಮ್ಯಾಂಟೂ ಅನ್ನುವ ಟಿ.ಬಿ.ಯ ಚರ್ಮದ ಟೆಸ್ಟ್ ಪಾಸಿಟಿವ್ ಬಂದಿತ್ತು, ಆದರೆ ಇಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನರ ತೋಳಲ್ಲಿ ಅದು ಊದುತ್ತದೆ. ಎದೆಯ ಎಕ್ಸ್‌ರೇ ಚೆನ್ನಾಗಿತ್ತು.

ಮೈಸೂರಿನ ಸರ್ಜನ್ ಮೇಡಂ ಒಂದೇ ಮಾತು ಹೇಳಿದರು. "ಇನ್ನು ಕೊಯ್ಯೋದು ಬೇಡ. ಮೊದಲು ಇದು ಏನು ಅಂತ ತಿಳ್ಕೊಳೋಣ." ನನಗೆ ಅವರ ಮೇಲೆ ಗೌರವ ಬಂದಿದ್ದು ಅಲ್ಲೇ.

ಕೋರ್ ಬಯಾಪ್ಸಿಗೆ ನಾನೂ ಜೊತೆಗಿದ್ದೆ. ದಪ್ಪ ಸೂಜಿ, ಒಳಗೆ ಸ್ಪ್ರಿಂಗ್. ಒತ್ತಿದಾಗ ಸ್ಟೇಪ್ಲರ್ ಹಾಗೆ ಟಕ್ ಅನ್ನುತ್ತದೆ. ಆರು ಸಲ ಟಕ್ ಅಂದಿತು, ಆರು ಸಲವೂ ಅವಳು ನನ್ನ ಬೆರಳು ಹಿಂಡಿದಳು. ಸೇಮಿಗೆ ಎಳೆಯಂಥ ಚೂರುಗಳು ಬಂದವು. ಇಲ್ಲಿ ಒಂದು ಸಣ್ಣ ವಿಷಯ ಇದೆ, ಸಣ್ಣದಾದರೂ ದೊಡ್ಡದು. ಎಲ್ಲಾ ಚೂರನ್ನೂ ಫಾರ್ಮಲಿನ್ (ಚೂರು ಕೊಳೆಯದಂತೆ ಇಡುವ ದ್ರವ) ಬಾಟಲಿಗೆ ಹಾಕಿದರೆ ಸ್ಲೈಡಿಗೆ ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಕ್ರಿಮಿ ಸಾಯುತ್ತದೆ, ಆಮೇಲೆ ಕಲ್ಚರ್ ಮಾಡೋಕೆ ಏನೂ ಉಳಿಯುವುದಿಲ್ಲ. ಎರಡು ಚೂರನ್ನಾದರೂ ಬರೀ ಸಲೈನ್‌ನಲ್ಲಿ ಹಾಕಬೇಕು. ನಮ್ಮ ಲ್ಯಾಬಿಗೆ ಫಾರ್ಮಲಿನ್‌ನಲ್ಲಿ ಮುಳುಗಿಸಿಕೊಂಡು 'ಕಲ್ಚರ್ ಮಾಡಿ' ಅಂತ ಬರುವ ಬಾಟಲಿಗಳನ್ನು ನೋಡಿ ನೋಡಿ ನನಗೆ ಸಿಟ್ಟು. ಅವತ್ತು ಸಲೈನ್ ಬಾಟಲಿಯನ್ನು ಬ್ಯಾಗಿನಲ್ಲಿ ನಾನೇ ಒಯ್ದಿದ್ದೆ.

ನಾಲ್ಕನೇ ದಿನ ಸ್ಲೈಡ್ ಸಿದ್ಧವಾಯಿತು. ಪೆಥಾಲಜಿಸ್ಟ್ ಸರ್ ಕರೆದು ತೋರಿಸಿದರು. ಹಾಲು ತಯಾರಾಗುವ ಪುಟ್ಟ ಗೊಂಚಲುಗಳಿರುತ್ತವೆ, ಲೋಬ್ಯೂಲ್ ಅಂತ. ಮುತ್ತಿಗೆ ಬಿದ್ದಿದ್ದು ಸರಿಯಾಗಿ ಅವುಗಳ ಮೇಲೇ. ಅಲ್ಲಲ್ಲಿ ಹತ್ತಾರು ನ್ಯೂಕ್ಲಿಯಸ್ ಒಟ್ಟಿಗೆ ತುಂಬಿಕೊಂಡ ದೈತ್ಯ ಕೋಶಗಳು. ಟಿ.ಬಿ.ಯಲ್ಲಿ ಗುಂಪಿನ ನಡುವೆ ಗಿಣ್ಣಿನ ಹಾಗೆ ಸತ್ತ ಭಾಗ ಕಾಣುತ್ತದೆ, ಇಲ್ಲಿ ಅದು ಇರಲಿಲ್ಲ. ಕ್ಯಾನ್ಸರ್ ಕೋಶ ಒಂದೂ ಇಲ್ಲ. ಟಿ.ಬಿ. ಕ್ರಿಮಿಗೆ ಹಾಕುವ ಬಣ್ಣದಲ್ಲಿ ಏನೂ ಕಾಣಲಿಲ್ಲ, ಫಂಗಸ್ ಬಣ್ಣದಲ್ಲೂ ಇಲ್ಲ. ಟಿ.ಬಿ. ಕ್ರಿಮಿಯ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಕೂಡ ನೆಗೆಟಿವ್.

ರಿಪೋರ್ಟಿನಲ್ಲಿ ಬರೆದ ಹೆಸರು ಗ್ರಾನುಲೊಮ್ಯಾಟಸ್ ಲೋಬ್ಯುಲರ್ ಮ್ಯಾಸ್ಟೈಟಿಸ್. ಕಾರಣ ಸಿಗದಿದ್ದರೆ ಮುಂದೆ 'ಇಡಿಯೋಪಥಿಕ್' ಅಂತ ಸೇರಿಸುತ್ತಾರೆ. ಇದನ್ನು ಒಂದು ಬೇರೆಯದೇ ಕಾಯಿಲೆ ಅಂತ ಕೆಸ್ಲರ್, ವೊಲ್ಲೊಕ್ ಅನ್ನುವ ಇಬ್ಬರು ಬರೆದಿದ್ದು 1972ರಲ್ಲಿ. ಅಪರೂಪದ್ದು. ಬರುವುದು ಹೆಚ್ಚಾಗಿ ಮಕ್ಕಳಾದ, ಹಾಲು ಬಿಡಿಸಿ ಕೆಲವು ವರ್ಷದೊಳಗಿನ ಹೆಂಗಸರಿಗೆ. ನಾಳದಿಂದ ಹಾಲಿನಂಥ ದ್ರವ ಸುತ್ತಲಿನ ಮಾಂಸಕ್ಕೆ ಸೋರಿ, ದೇಹ ಅದನ್ನೇ ಶತ್ರು ಅಂತ ತಿಳಿದು ತಿರುಗಿಬೀಳುತ್ತದೆ ಅನ್ನುವುದು ಒಂದು ವಾದ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಜಾಸ್ತಿ ಇರುವವರಲ್ಲೂ ಕಂಡಿದ್ದಾರೆ.

ಮೇಡಂ ಕೇಳಿದರು, "ಬೇರೆ ಏನಾದ್ರೂ ಮಾತ್ರೆ ತಗೋತೀಯಾಮ್ಮ?" ಇವಳು ಇಲ್ಲ ಅಂದಳು. ಬಾಗಿಲ ತನಕ ಬಂದು, "ಗ್ಯಾಸ್ ಮಾತ್ರೆ ಬಿಟ್ರೆ" ಅಂದಳು. ಗ್ಯಾಸ್ ಮಾತ್ರೆಯನ್ನು ಯಾರು ಮಾತ್ರೆ ಅಂತ ಲೆಕ್ಕಕ್ಕೆ ಇಟ್ಟಿದ್ದಾರೆ! ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ಒಂದು ವರ್ಷದಿಂದ ದಿನಾ ಬೆಳಗ್ಗೆ ನುಂಗುತ್ತಿದ್ದಳು. ಅದರಲ್ಲಿ ಡೊಂಪೆರಿಡೋನ್ ಸೇರಿತ್ತು, ಅದು ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಪರೀಕ್ಷೆ ಮಾಡಿದರೆ ಸ್ವಲ್ಪ ಮೇಲೇ ಇತ್ತು. ಆ ಮಾತ್ರೆ ಬಿಡಿಸಿದರು, ಆರು ವಾರಕ್ಕೆ ಸರಿಹೋಯಿತು. ಅದೇ ಕಾಯಿಲೆಗೆ ಕಾರಣ ಅಂತ ಮೇಡಂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಇನ್ನು ದೇಹದ ಈ ತಿರುಗಿಬೀಳುವಿಕೆಯನ್ನು ತಗ್ಗಿಸುವ ಸ್ಟೀರಾಯ್ಡ್ ಶುರು ಮಾಡಬಹುದಿತ್ತು. ಮೇಡಂ ಮಾಡಲಿಲ್ಲ. ಟಿ.ಬಿ.ಗೆ ದ್ರವದಲ್ಲಿ ಮಾಡುವ ಕಲ್ಚರ್‌ನಲ್ಲಿ ಕ್ರಿಮಿ ಇಲ್ಲ ಅಂತ ಹೇಳಲು 42 ದಿನ ಬೇಕು. ಒಳಗೆಲ್ಲೋ ಟಿ.ಬಿ. ಅಡಗಿದ್ದು ಮೇಲೆ ಸ್ಟೀರಾಯ್ಡ್ ಕೊಟ್ಟರೆ ಅದಕ್ಕೆ ಬಾಗಿಲು ತೆಗೆದುಕೊಟ್ಟ ಹಾಗೆ. ಕಾಯೋಣ ಅಂದರು. ಸುಮ್ಮನೆ ಕಾಯುವುದೂ ಈ ಕಾಯಿಲೆಯಲ್ಲಿ ಒಂದು ಚಿಕಿತ್ಸೆಯೇ. ಎಷ್ಟೋ ಜನರಲ್ಲಿ ತಿಂಗಳುಗಳ ಮೇಲೆ, ಕೆಲವರಲ್ಲಿ ಎರಡು ವರ್ಷದ ಒಳಗೆ, ತಾನಾಗಿ ಆರುತ್ತದೆ. ಆದರೆ ಮನೆಯವರಿಗೆ ಇದನ್ನು ಹೇಳಿ ನೋಡಿ! "ದುಡ್ಡು ಈಸ್ಕಂಡು ಏನೂ ಮಾಡ್ದೆ ಕಳುಸ್ತವ್ರಲ್ಲ" ಅಂತ ಅವಳ ಮಾವ. "ಪೂರ್ತಿ ತೆಗೆಸಿಬಿಟ್ರೆ ಪೀಡೆ ಕಳೀತು" ಅಂತ ಇನ್ನೊಬ್ಬರು. ಆ ಆರು ವಾರ ಅವಳು ನೋವಿಗಿಂತ ಜಾಸ್ತಿ ಈ ಮಾತುಗಳನ್ನು ಸಹಿಸಿದಳು.

ಜೇಬು ಹುಟ್ಟಿದ್ದು ಆ ಆರು ವಾರದಲ್ಲಿ.

ಗಾಯದ ಎರಡೂ ಬಾಯಿಂದ ದಿನವಿಡೀ ತೆಳ್ಳಗೆ ಸೋರುತ್ತಿತ್ತು. ಗಾಜ್ ಬಟ್ಟೆ ಇಟ್ಟು ಪ್ಲಾಸ್ಟರ್ ಅಂಟಿಸಿದರೆ ಕೀಳುವಾಗ ಚರ್ಮ ಕಿತ್ತು ಬರುತ್ತಿತ್ತು. ಪ್ಯಾಡ್ ಕತ್ತರಿಸಿ ಇಟ್ಟು ನೋಡಿದಳು, ಅದರ ಪ್ಲಾಸ್ಟಿಕ್‌ಗೆ ಬೆವತು ಕಡಿತ. ಏಪ್ರಿಲ್ ಬಿಸಿಲು ಬೇರೆ. ಅತ್ತೆಯ ಹಳೇ ಬಿಳಿ ಪಂಚೆ ಒಂದಿತ್ತು, ತೊಳೆದು ತೊಳೆದು ಬೆಣ್ಣೆಯಾಗಿತ್ತು. ಅಂದರೆ ಮಾವನ ಪಂಚೆ, ಅತ್ತೆ ಎತ್ತಿಟ್ಟಿದ್ದು. ಅದರಲ್ಲಿ ಅಂಗೈ ಅಗಲದ ಜೇಬು ಹೊಲಿದು ಬ್ಲೌಸಿನ ಬಲಗಡೆ ಒಳಗೆ ಕೂರಿಸಿದಳು. ಜೇಬಿನ ಬಾಯಿ ಮೇಲಕ್ಕಲ್ಲ, ಕಂಕುಳ ಕಡೆಗೆ ಓರೆ. ಎರಡು ಹುಕ್ಕು ಬಿಚ್ಚಿ ಕೈ ಹಾಕಿದರೆ ಗಾಜ್ ಬದಲಿಸಬಹುದು, ಪೂರ್ತಿ ಕಳಚಬೇಕಿಲ್ಲ. ಮೈಗೆ ತಾಗುವ ಪದರ ಪಂಚೆಯದು, ಹೊರಗಿನದು ಸ್ವಲ್ಪ ದಟ್ಟವಾದ ಲೈನಿಂಗ್ ಬಟ್ಟೆ, ಕಲೆ ಆಚೆ ಕಾಣದ ಹಾಗೆ. ಬಲಗಡೆಯ ಟಕ್ಸ್ ಬಿಚ್ಚಿಹಾಕಿದಳು, ಅದು ಸರಿಯಾಗಿ ಗಾಯದ ಮೇಲೆ ಒತ್ತುತ್ತಿತ್ತು. ಪ್ಲಾಸ್ಟರ್ ಬೇಡವೇ ಬೇಡ ಆಯಿತು. ಆರು ಬ್ಲೌಸ್, ಎರಡು ನೈಟಿಗೆ ಹೀಗೆ ಜೇಬಿಟ್ಟಳು. ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ನೋಡಿ, "ಇದನ್ನ ಎಲ್ಲಿಂದ ತರಿಸಿದ್ರಿ?" ಅಂತ ಕೇಳಿದರು.

ಇನ್ನೊಂದು ಲೆಕ್ಕವೂ ಅವಳೇ ಕಂಡುಕೊಂಡಿದ್ದು. ಹೊಲಿಗೆಯ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಕ್ಕೆ ಎಷ್ಟು ಗಾಜ್ ಬದಲಿಸಿದೆ ಅಂತ ಗೀಟು ಹಾಕುತ್ತಿದ್ದಳು. ಆರು ಗೀಟು, ಆರು, ಐದು, ಏಳು. 'ಸ್ವಲ್ಪ ಪರವಾಗಿಲ್ಲ' ಅಂತ ಬಾಯಲ್ಲಿ ಹೇಳುವುದಕ್ಕಿಂತ ಮೇಡಂಗೆ ಆ ಗೀಟುಗಳೇ ಹೆಚ್ಚು ಕೆಲಸಕ್ಕೆ ಬಂದವು. ಆಚೆ ಪುಟದಲ್ಲಿ ಯಾರದೋ ಎದೆ ಸುತ್ತಳತೆ, ತೋಳು, ಬೆನ್ನಿನ ಇಳಿ.

ಮಧ್ಯೆ ಮೊಣಕಾಲ ಕೆಳಗೆ ಕೆಂಪು ಗಂಟುಗಳೆದ್ದು, ಕಾಲ ಕೀಲು ಊದಿ ನಡೆಯೋಕೆ ಆಗಲಿಲ್ಲ. ಊರಲ್ಲಿ ಚಿಕುನ್‌ಗುನ್ಯಾ ಅಂದುಕೊಂಡರು. ಅಲ್ಲ. ಎರಿಥೆಮಾ ನೊಡೋಸಮ್ ಅಂತ, ಈ ಕಾಯಿಲೆಯ ಜೊತೆಗೇ ಕೆಲವರಿಗೆ ಬರುತ್ತದೆ. ಮೊಲೆ ನೋಡುವ ಡಾಕ್ಟರಿಗೆ ಕಾಲು ನೋವು ಯಾಕೆ ಹೇಳಬೇಕು ಅಂತ ಸುಮ್ಮನಿದ್ದರೆ ಅದು ಗೊತ್ತಾಗುತ್ತಿರಲಿಲ್ಲ.

ಮೇ ಕೊನೆಗೆ ಟಿ.ಬಿ. ಕಲ್ಚರ್ ನೆಗೆಟಿವ್ ಅಂತ ಬಂತು. ಆ ಹೊತ್ತಿಗೆ ಎರಡರಲ್ಲಿ ಒಂದು ಬಾಯಿ ತಾನಾಗಿ ಒಣಗಿತ್ತು. ಸಕ್ಕರೆ, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿ ಜೂನ್‌ನಲ್ಲಿ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್, ದಿನಕ್ಕೆ 30 ಮಿಲಿಗ್ರಾಂ, ಶುರು ಮಾಡಿದರು. ಅವಳ ತೂಕ 55 ಕೆಜಿ, ಹೆಚ್ಚುಕಡಿಮೆ ಕೆಜಿಗೆ ಅರ್ಧ ಮಿಲಿಗ್ರಾಂ ಲೆಕ್ಕ. ಮೂರು ವಾರದಲ್ಲಿ ಗೀಟು ಎರಡಕ್ಕಿಳಿಯಿತು. ಕಾಲಿನ ಗಂಟು ಮಾಯ. ಅವಳು ಮೆಷಿನ್ ತುಳಿಯಲು ಕೂತಳು.

ಸ್ಟೀರಾಯ್ಡ್ ಸುಮ್ನೆ ಕೊಡುವುದಿಲ್ಲ, ಬಡ್ಡಿ ಹಿಡಿದುಕೊಳ್ಳುತ್ತದೆ. ಒಂದು ಮುದ್ದೆ ಉಣ್ಣುತ್ತಿದ್ದವಳಿಗೆ ಎರಡು ಉಂಡರೂ ಹಸಿವು. ರಾತ್ರಿ ಎರಡಕ್ಕೆ ಎಚ್ಚರ, ಎದ್ದು ಹುಕ್ಕು ಹೊಲಿಯುತ್ತಾ ಕೂರುತ್ತಿದ್ದಳು. ಸಣ್ಣದಕ್ಕೆಲ್ಲ ಸಿಟ್ಟು. ಮುಖ ದುಂಡಗಾಯಿತು. ಕೆನ್ನೆ ತುಂಬಿಕೊಂಡಿದ್ದು ನೋಡಿ ಊರವರಿಗೆ ಸಂತೋಷ, "ಈಗ ಲಕ್ಷಣವಾಗಿದ್ದೀಯ ನೋಡವ್ವ!"

ಆಗಸ್ಟ್‌ನಲ್ಲಿ ಒಂದು ಎಡವಟ್ಟು. ಸ್ಟೀರಾಯ್ಡ್ ತಿಂದರೆ ಕಿಡ್ನಿ ಹೋಗುತ್ತದೆ ಅಂತ ಯಾರೋ ಹೇಳಿದರು, ಇವಳು ಯಾರಿಗೂ ಹೇಳದೆ ಒಂದೇ ಸಲ ನಿಲ್ಲಿಸಿಬಿಟ್ಟಳು. ನಾಲ್ಕನೇ ದಿನಕ್ಕೆ ವಾಕರಿಕೆ, ತಲೆಸುತ್ತು, ಹಾಸಿಗೆಯಿಂದ ಏಳಲಾಗದ ಸುಸ್ತು. ಹೊರಗಿನಿಂದ ವಾರಗಟ್ಟಲೆ ಸ್ಟೀರಾಯ್ಡ್ ಬಂದರೆ ದೇಹ ತನ್ನದನ್ನು ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಮತ್ತೆ ಶುರು ಮಾಡಿ ನಿಧಾನ ಇಳಿಸುತ್ತಾ ಬಂದರು. 10 ಮಿಲಿಗ್ರಾಂಗೆ ಬಂದಾಗ, ದಸರಾ ವಾರದಲ್ಲಿ, ಅದೇ ಮೊಲೆಯ ಕೆಳಗಡೆ ಹೊಸ ಗಂಟು ಎದ್ದಿತು. ಜಂಬೂಸವಾರಿ ನೋಡೋಣ ಅಂತ ಮಕ್ಕಳನ್ನು ಕರೆದುಕೊಂಡು ಬಂದವಳು ನಮ್ಮ ಮನೆಯ ಬಚ್ಚಲಲ್ಲಿ ನಿಂತು ಅತ್ತಳು. ಮೊದಲ ಸಲ ಕ್ಯಾನ್ಸರ್ ಅಂದುಕೊಂಡಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಈ ಕಾಯಿಲೆ ಹೀಗೆ ತಿರುಗಿ ಬರುತ್ತದೆ, ಇದು ಚಿಕಿತ್ಸೆ ಸೋತಿದ್ದಲ್ಲ ಅಂತ ಮೇಡಂ ಸಮಾಧಾನ ಮಾಡಿದರು. ಕೀಲು ವಾತ ನೋಡುವ ಡಾಕ್ಟರ ಜೊತೆ ಮಾತಾಡಿ, ದೇಹದ ತಿರುಗಿಬೀಳುವಿಕೆಯನ್ನು ತಗ್ಗಿಸುವ ಇನ್ನೊಂದು ಮಾತ್ರೆ ಮೆಥೊಟ್ರೆಕ್ಸೇಟ್ ಸೇರಿಸಿದರು, ವಾರಕ್ಕೆ 10 ಮಿಲಿಗ್ರಾಂ. ವಾರಕ್ಕೆ ಒಂದೇ ದಿನ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ, ಯಾಕಂದರೆ ಮರೆತು ದಿನಾ ನುಂಗಿದರೆ ರಕ್ತಕಣಗಳೇ ಕುಸಿದು ಪ್ರಾಣಕ್ಕೆ ಬರುತ್ತದೆ. ಇವಳು ಸೋಮವಾರ ಆರಿಸಿಕೊಂಡಳು. ಮಾದಪ್ಪನ ವಾರ, ಮರೆಯೋ ಹಾಗೇ ಇಲ್ಲ. ಬುಧವಾರ ಫೋಲಿಕ್ ಆ್ಯಸಿಡ್. ಈ ಮಾತ್ರೆ ತಗೊಳ್ಳುವಾಗ ಗರ್ಭ ನಿಲ್ಲಬಾರದು, ಮಗುವಿಗೆ ಕೆಡುಕು. ಹಾರ್ಮೋನ್ ಮಾತ್ರೆ ಬೇಡ ಅಂತ ಕಾಪರ್ ಟಿ ಹಾಕಿಸಿದರು. ಆ ಮಾತನ್ನು ಗಂಡನನ್ನೂ ಒಳಗೆ ಕರೆದು ಕೂರಿಸಿಯೇ ಹೇಳಿದರು, ಅದು ಒಳ್ಳೆಯದಾಯಿತು. ಅವನು ಅಲ್ಲಿಯವರೆಗೆ ಯಾವಾಗಲೂ ಹೊರಗೆ ಬೈಕ್ ಹತ್ತಿರ ನಿಂತಿರುತ್ತಿದ್ದ.

ತಿಂಗಳಿಗೊಮ್ಮೆ ರಕ್ತಕಣ, ಲಿವರ್ ಪರೀಕ್ಷೆ. 2023ರಿಂದ ಹೆಂಗಸರಿಗೆ ಬಸ್ ಫ್ರೀ ಇರುವುದರಿಂದ ಓಡಾಟದ ಖರ್ಚು ಉಳಿಯಿತು. ಅವಳ ಟ್ಯೂಬ್ ನನ್ನ ಮೆಷಿನ್‌ಗೆ ಬರುತ್ತಿತ್ತು. ಒಂದು ಸಲ ಲಿವರ್ ಎನ್‌ಜೈಮ್ ಏರಿ ಎರಡು ಸೋಮವಾರ ಮಾತ್ರೆ ನಿಲ್ಲಿಸಬೇಕಾಯಿತು. ಅವತ್ತು ಆ ನಂಬರನ್ನು ನಾನು ಮೂರು ಸಲ ಓಡಿಸಿ ನೋಡಿದೆ. ಬೇರೆಯವರದ್ದಾಗಿದ್ದರೆ ಎರಡು ಸಲ ಸಾಕಿತ್ತು.

ಮೆಥೊಟ್ರೆಕ್ಸೇಟ್ ಹಿಡಿತಕ್ಕೆ ಬರಲು ಎರಡು ತಿಂಗಳೇ ಬೇಕಾಯಿತು. ಸ್ಟೀರಾಯ್ಡ್ ಅಷ್ಟರಲ್ಲಿ ಪೂರ್ತಿ ಇಳಿಸಿದರು. 2025ರ ಯುಗಾದಿ ಹೊತ್ತಿಗೆ ಅಳತೆ ಪುಸ್ತಕದಲ್ಲಿ ಗೀಟು ನಿಂತಿತು. ಆಗಸ್ಟ್‌ಗೆ ಮೆಥೊಟ್ರೆಕ್ಸೇಟ್ ಕೂಡ ನಿಂತಿತು. ಆಪರೇಷನ್ ಬೇಕಾಗಲಿಲ್ಲ. ಕೆಲವರಿಗೆ ಬೇಕಾಗುತ್ತದೆ, ಅದು ನಿಜ. ಇವಳಿಗೆ ಮೊದಲು ಕೊಯ್ದ ಆ ಒಂದು ಗಾಯವೇ ಎಲ್ಲಕ್ಕಿಂತ ತಡವಾಗಿ ಆರಿದ್ದು.

ಬಲ ಮೊಲೆಯಲ್ಲಿ ಎರಡು ಗುಳಿ ಉಳಿದಿವೆ, ತೊಟ್ಟು ಇನ್ನೂ ಸ್ವಲ್ಪ ಒಳಗೇ ಇದೆ. ಎಡಕ್ಕಿಂತ ಸಣ್ಣದಾಗಿದೆ, ಈಗ ಬ್ಲೌಸ್ ಹೊಲಿದುಕೊಳ್ಳುವಾಗ ಎರಡು ಕಡೆಗೂ ಬೇರೆ ಬೇರೆ ಅಳತೆ ಹಾಕುತ್ತಾಳೆ. ಚಿಕ್ಕವನು ಈಗಲೂ ಎಡ ತೊಡೆಯ ಮೇಲೇ ಬಂದು ಕೂರುತ್ತಾನೆ. ಬಲಗಡೆ ಅಮ್ಮನಿಗೆ ನೋವಾಗುತ್ತದೆ ಅಂತ ಕಲಿತಿದ್ದು ಬಿಟ್ಟಿಲ್ಲ.

ಮಾತ್ರೆ ನಿಂತು ಆರು ತಿಂಗಳಾದ ಮೇಲೆ ಸ್ಕ್ಯಾನ್ ಆಯಿತು. ಕೆಳಗಡೆ ಕಡಲೆಕಾಳಿನಷ್ಟು ಒಂದು ನೆರಳಿದೆ, ಹಳೇ ಕಲೆಯೂ ಇರಬಹುದು, ಮತ್ತೆ ಆರು ತಿಂಗಳಿಗೆ ನೋಡೋಣ ಅಂದಿದ್ದಾರೆ. ಜೇಬಿರುವ ಬ್ಲೌಸ್‌ಗಳಲ್ಲಿ ನಾಲ್ಕರದ್ದು ಬಿಚ್ಚಿಹಾಕಿದ್ದಾಳೆ. ಎರಡನ್ನು ಹಾಗೇ ಮಡಿಸಿ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದಾಳೆ.